ನನ್ನ ಮೂಗು, ಮಜೀದಸಾಬರ ಪುಡಿ

ಏಪ್ರಿಲ್ 3, ಗುರುವಾರ

ಹತ್ತು ದಿನ ಜ್ವರ, ನೆಗಡಿ ಅಂತ ಹಾಸಿಗಿ ಹಿಡದು, ಯುಗಾದಿ ಸುದ್ದಾ ಹಾಸಿಗ್ಯಾಗೇ ಮುಗಿಸಿ ಇವತ್ತು ಡ್ಯೂಟಿಗಿ ಹೋದೆ. ಹೊಂಟಾಗ ಇವರು ಒಂದು ಹಳೇ ಡೈರಿ ಕೈಯಾಗ ಕೊಟ್ರು. "ಜ್ವರದಾಗ ಭಾಳ ವಟವಟ ಮಾಡಿದಿ ಉಮಾ, ಇನ್ನ ಇದರಾಗ ಬರಿ, ನನ್ನ ಕಿವಿಗಿ ಜರಾ ಪುರಸತ್ತು ಸಿಗ್ತದ" ಅಂದ್ರು. ಮೂವತ್ತು ವರ್ಷ ಸಾಲಿ ಹುಡುಗರಿಗಿ ಕಲಿಸಿ ರಿಟೈರ್ ಆದ ಬಸವಂತರಾಯ ಮಾಸ್ತರು, ಈಗ ಹೆಂಡ್ತಿಗಿ ಹೋಂವರ್ಕ್ ಕೊಡ್ಲಿಕತ್ತಾರ. ಇರಲಿ, ಬರೀತೀನಿ. ಓದೂರು ಯಾರೂ ಇಲ್ಲಂದ್ರ ಖರೇ ಬರೀಲಿಕ್ಕೂ ಅಡ್ಡಿಯಿಲ್ಲ.

ಕಾಗಿಣಾ ದಂಡಿ ಮ್ಯಾಲಿನ ನಮ್ಮ ನೀರಿನ ಘಟಕ ನಾ ಇಲ್ಲದೇ ಹತ್ತು ದಿನ ನಡದದ. ಹೆಂಗ ನಡದದ ಅನ್ನೂದು ಬ್ಯಾರೆ ಮಾತು. ಹೊಳಿ ನೀರು ಎತ್ತಿ, ಸೋಸಿ, ಹನ್ನೊಂದು ಊರಿಗಿ ಕಳಿಸ್ತೀವಿ. ಆಯಾ ಊರಿನ ಟಾಕಿಗಿ ಅಲ್ಲಿನ ವಾಟರ್‌ಮನ್ ಬ್ಲೀಚಿಂಗ್ ಪುಡಿ ಹಾಕ್ತಾನ. ಎಷ್ಟು ಹಾಕಬೇಕು ಅಂತ ಹೇಳಾಕಿ ನಾನು. ಸೋಮವಾರಕ್ಕೊಮ್ಮಿ ಹನ್ನೊಂದೂ ಮಂದಿ ತಮ್ಮ ಚೀಲದಾಗಿನ ಒಂದು ಚಿಟಿಕಿ ಪುಡಿ ಪೇಪರಿನಾಗ ಕಟ್ಟಿ ತರ್ತಾರ. ನಾ ಮೂಸ್ತೀನಿ, ಆ ಪೇಪರ್ ಮ್ಯಾಲೇ ಒಂದು ಮಗ್, ಒಂದೂವರಿ ಮಗ್ ಅಂತ ಬರದು ಕೊಡ್ತೀನಿ. ಇಪ್ಪತ್ತೆರಡು ವರ್ಷ ಹಿಂಗೇ ನಡದದ, ಒಮ್ಮೆನೂ ತಪ್ಪಿಲ್ಲ.

ಬ್ಲೀಚಿಂಗ್ ಪುಡಿ ಅಂದ್ರ ಸುಣ್ಣದೊಳಗ ಹಿಡದಿಟ್ಟ ಕ್ಲೋರಿನ್. ಛಲೋ ಪುಡಿಯಾಗ ನೂರಕ್ಕ ಮೂವತ್ಮೂರು ಪಾಲು ಇರ್ತದ. ಚೀಲದ ಬಾಯಿ ಬಿಚ್ಚಿಟ್ರ, ನಮ್ಮ ಕಡಿ ಬಿಸಿಲಿಗಿ ಇಟ್ರ ಅದು ಹಾರಿ ಹೋಗಿ ಬರೇ ಸುಣ್ಣ ಉಳೀತದ. ಅದಕ್ಕ ನಾವು ಸತ್ತ ಪುಡಿ ಅಂತೀವಿ. ಸತ್ತದ್ದು ಯಾವುದು, ಬದುಕಿದ್ದು ಯಾವುದು ಅಂತ ನನ್ನ ಮೂಗು ಬಾಗಿಲದಾಗೇ ಹೇಳ್ತದ. ನಿಯಮದ ಪ್ರಕಾರ ಬ್ಯುರೆಟ್ ಅನ್ನೂ ಗಾಜಿನ ಅಳತಿ ಕೊಳವಿ ಹಿಡದು ಅಳೀಬೇಕು, ಗೊತ್ತದ. ಸಾಹೇಬ್ರು ಬಂದಾಗ ಅಳದು ತೋರಸ್ತೀನಿ. ಉಳದ ದಿನ ರಜಿಸ್ಟರಿನ ಅಳತಿ ಕಾಲಂ ಮೂಗಿನ ಲೆಕ್ಕದಾಗೇ ತುಂಬ್ತದ.

ಎರಡು ತಿಂಗಳ ಹಿಂದ ನಮ್ಮ ಲ್ಯಾಬಿಗಿ ಬಂದ ಲುಂಬಿನಿ ಇದಕ್ಕ ಒಪ್ಪಂಗಿಲ್ಲ. ಸನ್ನತಿ ಕಡಿ ಹುಡುಗಿ, ಎಂಎಸ್ಸಿ ಮಾಡ್ಯಾಳ, ಕೈ ಸ್ವಚ್ಛ, ಮಾತು ಕಡಿಮಿ. ಪ್ರತಿ ಚೀಲಕ್ಕೂ ಅಳೀಬೇಕಂತ. ಅಳಿ ತಂಗಿ, ನಿನ್ನ ವಯಸ್ಸಿನಾಗ ನಾನೂ ಅಳೀತಿದ್ದೆ ಅಂದೆ.

ಈಗ ಮುಖ್ಯ ಮಾತು. ನಾ ರಜಾ ಇದ್ದಾಗ ಹೊಸಾ ಮಾಲು ಬಂದದ, ನಲವತ್ತು ಚೀಲ. ಸ್ಟೋರಿನಾಗ ಒಂದು ಚೀಲ ಬಿಚ್ಚಿಸಿ ಮೂಸಿದೆ. ಏನೂ ಇಲ್ಲ! ಇನ್ನೊಂದು ಬಿಚ್ಚಿಸಿದೆ, ಅದೂ ಹಂಗೇ. ಧೂಳು ಹಾರಿ ಕಣ್ಣಾಗ ನೀರು ಬಂತು, ಅಷ್ಟೇ. ಸುಣ್ಣ ಮಾಡೂ ಕೆಲಸಾನೇ ಅದು. ಸ್ಟೋರ್‌ಕೀಪರ್ ಮಜೀದಸಾಬ ಹಿಂದ ನಿಂತಿದ್ರು, ನಾ ನೋಡೇ ಇಲ್ಲ, ಬೆಕ್ಕು ಬಂದಂಗ ಬಂದಾರ. ಈ ಮನಷಾ ಅಂಗಳದಾಗ ಇದ್ದಾಗೇ ಇವರ ಖಸ್ ಅತ್ತರ ಲ್ಯಾಬಿನೊಳಗ ಬಂದು ಕುಂದರ್ತಿತ್ತು. ಈಗ ಅತ್ತರ ಬಿಟ್ಟಾರ ಕಾಣ್ತದ. ಯಾಕ ಅಂತ ಕೇಳಲಿಲ್ಲ.

ಏಪ್ರಿಲ್ 7, ಸೋಮವಾರ

ಹನ್ನೊಂದು ಪೇಪರ್, ಎಲ್ಲಾ ಹೊಸಾ ಮಾಲಿನವೇ, ಹನ್ನೊಂದೂ ಸತ್ತ ಪುಡಿ. ಎಲ್ಲಾರಿಗೂ ಎರಡು ಮಗ್ ಅಂತ ಬರದು ಕೊಟ್ಟೆ. ವಾಟರ್‌ಮನ್ ಭಗವಂತ, ಹೊಳಿ ಆಚಿ ಊರಿನವ, "ಅಕ್ಕ, ಟಾಕಿ ಮ್ಯಾಲೆ ಹತ್ತಿ ಪುಡಿ ಕಲಸ್ಲಿಕ್ಕೆ ಕುಂತ್ರ ಮುಖ ತಿರುವಬೇಕಾಗ್ತದ, ಅಷ್ಟು ಘಾಟು ಅದ. ಎರಡು ಮಗ್ ಹೆಚ್ಚಾಗ್ತದೇನೋ?" ಅಂದ.

"ನಿನ್ನ ಮೂಗು ದೊಡ್ಡದೋ ನನ್ನ ಮೂಗು ದೊಡ್ಡದೋ?" ಅಂತ ಕೇಳಿದೆ. ಎಲ್ಲಾರೂ ನಕ್ರು. ಅವನೂ ನಕ್ಕ, ಪೇಪರ್ ತಗೊಂಡು ಹೋದ.

ಮಧ್ಯಾಹ್ನ ಲುಂಬಿನಿ ಒಂದು ಚೀಟಿ ತಂದಿಟ್ಟಳು: ಮೂವತ್ಮೂರು ಪಾಲು. "ಮೂರು ಚೀಲ ಅಳದೀನ್ರಿ ಮೇಡಮ್, ಮೂರೂ ಛಲೋ ಅವ."

ಹುಡುಗಿಗಿ ಬೈಲಿಲ್ಲ, ತಿಳಿಸಿ ಹೇಳಿದೆ. "ಬ್ಯುರೆಟ್‌ನಾಗ ಹಾಕೂ ಥಯೋ ದ್ರಾವಣ ಯಾವಾಗ ಮಾಡಿದ್ದು? ನವೆಂಬರಿನಾಗ, ನಾನೇ ಮಾಡಿದ್ದು. ಹಳೇ ಥಯೋ ಸೋತು ಹೋಗ್ತದ. ಸೋತಿದ್ದಕ್ಕ ಹೆಚ್ಚು ಬೀಳಬೇಕಾಗ್ತದ. ಹೆಚ್ಚು ಬಿದ್ರ ಪುಡಿ ಗಟ್ಟಿ ಅದ ಅಂತ ಸುಳ್ಳು ಲೆಕ್ಕ ಬರ್ತದ. ತಿಳೀತಿಲ್ಲೋ?"

ಅಕಿ ಗೋಣು ಹಾಕಿದಳು. "ಹಂಗಾದ್ರ ಹೊಸಾದು ಮಾಡ್ತೀನ್ರಿ" ಅಂದಳು. ಮಾಡ್ಲಿ. ನನ್ನ ಮಾತಿನಾಗ ತಪ್ಪಿಲ್ಲ, ಪುಸ್ತಕದಾಗೂ ಹಿಂಗೇ ಅದ.

ಏಪ್ರಿಲ್ 9, ಬುಧವಾರ

ಮನ್ಯಾಗ ರಾಮಾಯಣ. ಒಲಿ ಮಗ್ಗಲದಾಗೇ ಕುಂತು ಸ್ಟಾಕ್ ರಜಿಸ್ಟರ್ ನೋಡ್ಲಿಕತ್ತಿದ್ದೆ, ಹಾಲು ಸೀದು ಪಾತೇಲಿ ಕರ್ರಗಾತು. ಇವರು ಪಡಸಾಲ್ಯಾಗಿಂದ ಓಡಿ ಬಂದು, "ಇಡೀ ಓಣಿಗಿ ಸೀದ ವಾಸನಿ ಹೋಗ್ಯದ, ನೀ ಇಲ್ಲೇ ಕುಂತೀಯಲ್ಲ!" ಅಂದ್ರು. ಕೆಲಸದ ಧ್ಯಾನದಾಗ ಇದ್ದೆ, ಮತ್ತೇನು?

ಇವರು ಮಾಡೂ ಚಹಾ ಈಗ ಬಿಸಿನೀರಿನಂಗ ಇರ್ತದ. ಶುಂಠಿ ಹಾಕೂದು ಬಿಟ್ಟಾರ. ಕೇಳಿದ್ರ, ಎರಡು ತುಣುಕು ಹಾಕೀನಿ ಅಂತ ಸಿಟ್ಟಿಗೇಳ್ತಾರ. ಬಜಾರದಾಗಿನ ಮಲ್ಲಿಗಿನೂ ಹಂಗೇ, ನೋಡ್ಲಿಕ್ಕಷ್ಟೇ ಛಂದ. ಯಾವ ಮಾಲಿನಾಗೂ ಸತ್ವ ಉಳದಿಲ್ಲ.

ಏಪ್ರಿಲ್ 11, ಶುಕ್ರವಾರ

ಎರಡು ದಿನ ಒಂದೇ ವಿಚಾರ. ಗಾಡಿಯಿಂದ ಇಳದಾಗ ಮಾಲು ಛಲೋ ಇತ್ತಂತ ಲುಂಬಿನಿನೇ ಹೇಳ್ತಾಳ, ಆವತ್ತು ಚೀಲ ಇಳಿಸಿದವ್ರು ಮೂಗಿಗಿ ಟವೆಲ್ ಕಟ್ಟಿಗೊಂಡಿದ್ರಂತ. ಅಂದ್ರ ಇಳದ ಮ್ಯಾಲೆ ಸತ್ತದ. ಚೀಲದ ಬಾಯಿ ಬಿಗಿ ಅವ, ಗೋಡಿ ಶಹಾಬಾದ ಕಲ್ಲಿನವು, ಒಳಗ ತಂಪು. ತಾನಾಗೇ ವಾರದಾಗ ಸಾಯಂಗಿಲ್ಲ. ಯಾರೋ ಪುಡಿ ತಗದು ಸುಣ್ಣ ತುಂಬ್ಯಾರ.

ಸ್ಟೋರಿನ ಕೀಲಿ ಒಬ್ಬರ ಹತ್ರನೇ ಇರ್ತದ. ಅವರ ಹೆಂಡತಿ ಅಣ್ಣ ವಾಡಿ ರಸ್ತಾದಾಗ ಸುಣ್ಣದ ಭಟ್ಟಿ ಇಟ್ಟಾನ.

ಬರೀಲಿಕ್ಕೆ ಕೈ ಬರವಲ್ದು. ಇಪ್ಪತ್ತೆರಡು ವರ್ಷ ಒಂದೇ ಛಾವಣಿ ಕೆಳಗ ಇದ್ದೀವಿ. ನನ್ನ ಅವ್ವ ತೀರಿಕೊಂಡಾಗ ಗಾಡಿ ಮಾಡಿಕೊಂಡು ಚಿಂಚೋಳಿತನಕ ಬಂದವ್ರು ಮಜೀದಸಾಬ. ಈ ರಮಜಾನ್‌ಕ್ಕೂ ಜ್ವರದಾಗ ಮಲಗಿದ ನನಗ ಸುರಕುಂಬಾ ಪಾಯಸ ಕಳಿಸಿದ್ರು. ಖರೇ ಹೇಳಬೇಕಂದ್ರ ಈ ಸಲದ್ದು ಭಾಳ ಸಪ್ಪಗ ಇತ್ತು. ಅವರ ಮನಸ್ಸೇ ಎಲ್ಲೋ ಇತ್ತು ಅಂತ ಈಗ ಅನಸ್ತದ. ಅತ್ತರ ಬಿಟ್ಟದ್ದೂ ಅದಕ್ಕೇ. ಒಳಗ ಅಂಜಿಕಿ ಹೊಕ್ಕವರಿಗಿ ಅತ್ತರ ಯಾತಕ್ಕ ಬೇಕು?

ಹನ್ನೊಂದು ಊರಿನ ನೀರು ಅದ, ದೋಸ್ತಿ ನೋಡ್ಲಿಕ್ಕೆ ಆಗಂಗಿಲ್ಲ. ಇಂಜಿನಿಯರ್ ಅಶೋಕಕುಮಾರ ಸಾಹೇಬ್ರಿಗಿ ದೂರು ಬರದು ಕೊಟ್ಟೆ. ಸಹಿ ಮಾಡಿದೆ.

ಏಪ್ರಿಲ್ 15, ಮಂಗಳವಾರ

ಸಾಹೇಬ್ರು ಬಂದ್ರು. "ಉಮಾದೇವಿಯವರ ಮೂಗಿನ ಮ್ಯಾಲೆ ನನಗ ಸಂಶಯ ಇಲ್ಲ, ಆದ್ರ ಕಾಗದದ ಮ್ಯಾಲೆ ಅಳತಿ ಬೇಕಾಗ್ತದ" ಅಂದ್ರು. ಹತ್ತು ಚೀಲ ಊರಿಗಿ ಹಂಚಲಿಕ್ಕೆ ಹೊರಗ ಇಡಿಸಿ, ಉಳದದ್ದು ಒಳಗ ಹಾಕಿ, ಬಾಗಿಲಿಗಿ ಅರಗಿನ ಸೀಲ್ ಹಾಕಿದ್ರು. ಸೀಲಿನ ಚೀಟಿ ಮ್ಯಾಲೆ ನನ್ನ ಸಹಿ, ಲುಂಬಿನಿ ಸಹಿ. ಚೌಕಶಿ ಮುಗಿಯೂತನಕ ಮಜೀದಸಾಬ ಮನ್ಯಾಗ ಇರಬೇಕು. ಜುಲೈಕ್ಕ ಅವರು ರಿಟೈರ್ ಆಗೂರು. ಕಳವು ಅಂತ ಸಾಬೀತಾದ್ರ ನೌಕರಿ ಹೋಗ್ತದ, ಇಪ್ಪತ್ತಾರು ವರ್ಷದ ಹೆಸರೂ ಹೋಗ್ತದ.

ಕೀಲಿ ಗೊಂಚಲು ನನ್ನ ಟೇಬಲ್ ಮ್ಯಾಲೆ ಇಟ್ಟು ಒಂದೇ ಮಾತು ಹೇಳಿದ್ರು. "ಅಕ್ಕೋರ, ನಿಮ್ಮ ಮೂಗು ಸುಳ್ಳು ಹೇಳಂಗಿಲ್ಲ ಅಂತ ಊರೂರಿಗಿ ಹೇಳಿಕೋತ ತಿರುಗಿದವ ನಾನು. ಈಗ ನಾ ಏನ್ ಹೇಳಲಿ?"

ಗೊಂಚಲು ಎತ್ತಿ ಡ್ರಾದಾಗ ಇಟ್ಟೆ. ಸಂಕಟ ಆತು, ಖರೇ. ಆದ್ರ ಸಂಕಟಕ್ಕೂ ಸತ್ಯಕ್ಕೂ ಸಂಬಂಧ ಇಲ್ಲ.

ಏಪ್ರಿಲ್ 21, ಸೋಮವಾರ

ಹನ್ನೊಂದರಾಗ ಏಳು ಊರಿನ ತಕರಾರು. ನೀರು ಬಾಯಾಗ ಹಾಕ್ಲಿಕ್ಕೆ ಆಗವಲ್ದಂತ, ಬ್ಯಾಳಿ ಕುದಸಿದ್ರ ಬ್ಯಾಳಿಗೂ ಔಷಧ ವಾಸನಿ ಬರ್ತದಂತ. ಭಗವಂತ ಒಂದು ಬಾಟಲಿ ತುಂಬಿಸಿ ತಂದಿದ್ದ. ಅವನ ಎದುರಿಗೇ ಗಟಗಟ ಕುಡದು ತೋರಿಸಿದೆ. "ಎಲ್ಲದನೋ ವಾಸನಿ? ಅಮೃತ ಇದ್ದಂಗ ಅದ" ಅಂದೆ. ಅವ ನನ್ನ ಮುಖ ನೋಡಿದ, ಲುಂಬಿನಿ ಮುಖ ನೋಡಿದ, ಉಳದ ನೀರು ಅಕಿ ಕೈಗಿ ಕೊಟ್ಟ.

ಲುಂಬಿನಿ ಆ ನೀರಿಗಿ ಪರೀಕ್ಷಾ ಔಷಧ ನಾಕು ಹನಿ ಹಾಕಿದಳು. ತಿಳಿ ಹಳದಿ ಬರಬೇಕಾದದ್ದು ಕೇಸರಿ ಬಣ್ಣ ಬಂತು. ಕ್ಲೋರಿನ್ ಭಾಳ ಆಗ್ಯದ ಅನ್ನೂ ಗುರ್ತು ಅದು. ಔಷಧ ಕೆಟ್ಟಿರಬೇಕು ಅಂದೆ. ಈ ತಿಂಗಳದ್ದೇ ಅದ ಅಂದಳು. ಈ ತಿಂಗಳದಾಗ ಕೆಡಲಾರದ್ದು ಏನದ ಹೇಳು ಅಂದೆ.

ಏಪ್ರಿಲ್ 24, ಗುರುವಾರ

ಭಗವಂತನ ಊರಾಗ ಇಬ್ಬರಿಗಿ ವಾಂತಿಭೇದಿ. ಒಬ್ಬಾಕಿ ಅವನ ಸೊಸಿ. ಚಿತ್ತಾಪುರ ದವಾಖಾನ್ಯಾಗ ಸಲಾಯನ್ ಹಚ್ಚ್ಯಾರ.

ನೋಡ್ರಿ, ನಾ ಹೇಳಿದ್ದೇ ಆತು! ಸತ್ತ ಪುಡಿಯಿಂದ ನೀರು ಕೆಟ್ಟದ. ಫೋನ್ ಮಾಡಿ ಎಲ್ಲಾರಿಗೂ ಮೂರು ಮಗ್ ಹಾಕ್ರಿ ಅಂದೆ.

ಸಂಜಿಗಿ ಲುಂಬಿನಿ ಆ ಊರಿಗಿ ಹೋಗಿ ಬಂದಳು, ನಾ ಕಳಿಸಿರಲಿಲ್ಲ. ನನ್ನ ಟೇಬಲ್ ಎದುರಿಗಿ ನಿಂತು ಹೇಳಿದಳು: "ಮೇಡಮ್, ಆ ಇಬ್ಬರೂ ನಮ್ಮ ನಳದ ನೀರು ಕುಡದೇ ಇಲ್ರಿ. ಘಾಟು ತಡೀಲಾರದೇ ಊರ ಹೆಣ್ಮಕ್ಕಳು ವಾರದಿಂದ ಹಳ್ಳಕ್ಕ ಹೋಗಲಿಕತ್ತಾರ. ಹಳ್ಳದ ನೀರು ಕುಡದು ಹಿಂಗಾಗ್ಯದ್ರಿ. ಮೂರು ಮಗ್ ಬ್ಯಾಡ ಅಂತ ನಾ ಎಲ್ಲಾರಿಗೂ ಫೋನ್ ಮಾಡೀನ್ರಿ. ಬೈಯೂದಿದ್ರ ಬೈರಿ."

ಬೈದೆ. ಭಾಳ ಬೈದೆ. ಅಕಿ ಕಣ್ಣಾಗ ನೀರು ತಂದಳು, ಆದ್ರ ಮಾತು ಹಿಂದ ತಗೊಳ್ಳಲಿಲ್ಲ. "ನಾ ಹೊಸಾ ಥಯೋ ಮಾಡೀನ್ರಿ. ಒಮ್ಮಿ ನಿಮ್ಮ ಕೈಲೇ ಅಳೀರಿ" ಅಂದಳು.

ಅಳೀತೀನಿ. ನನಗ ಅಂಜಿಕಿ ಅದ ಅಂತ ತಿಳಕೊಂಡಾಳೇನು?

ಏಪ್ರಿಲ್ 28, ಸೋಮವಾರ

ಇವತ್ತು ಅಳದೆ. ಎಲ್ಲಾ ವಿವರವಾಗಿ ಬರೀತೀನಿ.

ಸಾಹೇಬ್ರು, ಲುಂಬಿನಿ, ನಾನು ಮೂವರೂ ನಿಂತು ಸ್ಟೋರಿನ ಸೀಲ್ ನೋಡಿದಿವಿ. ಅರಗು ಒಡದಿಲ್ಲ, ನನ್ನ ಸಹಿ ಇದ್ದಂಗೇ ಅದ. ನಾನೇ ಒಡದೆ. ನಡುವಿನ ಒಂದು ಚೀಲ ನಾನೇ ಆರಿಸಿದೆ. ಥಯೋ ಬರೋಬ್ಬರಿ ಅದನೋ ಇಲ್ಲೋ ಅಂತ ಮೊದಲು ಅದನ್ನೇ ಪರೀಕ್ಷಾ ಮಾಡಿದೆ. ಬರೋಬ್ಬರಿ ಇತ್ತು. ಹುಡುಗಿ ಕೈ ಛಲೋ ಅದ ಅಂತ ಮೊದಲೇ ಬರದೀನಿ.

ಐದು ಗ್ರಾಂ ಪುಡಿ ತೂಗಿದೆ. ಖಲಬತ್ತಿನಾಗ ಹಾಕಿ, ಜರಾ ಜರಾ ನೀರು ಬಿಟ್ಟು ಅರದು, ಅರ್ಧ ಲೀಟರ್ ಮಾಡಿದೆ. ಅದರಾಗಿನ ಇಪ್ಪತ್ತೈದು ಎಂಎಲ್ ಫ್ಲಾಸ್ಕಿಗಿ ತಗೊಂಡೆ. ಅಯೋಡೈಡ್ ಹಾಕಿ ಅಸಿಟಿಕ್ ಆ್ಯಸಿಡ್ ಸುರುವಿದೆ. ಲುಂಬಿನಿ, ಸಾಹೇಬ್ರು ಇಬ್ಬರೂ ಮೂಗಿಗಿ ಕರ್ಚೀಪ್ ಹಿಡದ್ರು, ಈಗಿನ ಮಂದಿ ಭಾಳ ನಾಜೂಕು. ಪುಡಿಯಾಗಿನ ಕ್ಲೋರಿನ್ ಎಷ್ಟದನೋ ಅಷ್ಟೇ ಅಯೋಡಿನ್ ಹೊರಗ ಬರ್ತದ, ಕಂದು ಬಣ್ಣದ್ದು. ಬರೇ ಸುಣ್ಣ ಆಗಿದ್ರ ಬಣ್ಣಾನೇ ಬರಬಾರದು.

ಬಂತು. ಕರೀ ಚಹಾದಂಗ ಕಂದು ಬಂತು.

ಬ್ಯುರೆಟ್ ತಿರುವಿ ಥಯೋ ಬಿಟ್ಟೆ. ಹತ್ತು, ಹದಿನೈದು, ಇಪ್ಪತ್ತು. ಕಂದು ಹೋಗಿ ಜ್ವಾಳದ ಸೊಪ್ಪಿಯ ತಿಳಿ ಹಳದಿ ಆತು. ಆಗ ಗಂಜಿ ಹಾಕಿದೆ, ನೀಲಿ ಎದ್ದು ನಿಂತಿತು. ಇಲ್ಲಿಂದ ಒಂದೊಂದೇ ಹನಿ. ಎಷ್ಟು ವರ್ಷ ಆಗಿತ್ತು ಇಷ್ಟು ನಿಗಾ ಇಟ್ಟು ನೋಡಿ! ಒಂದು ಹನಿ ಬಿತ್ತು, ಫ್ಲಾಸ್ಕ್ ತಿರುವಿದೆ, ನೀಲಿ ಹೋಗಿ ನೀರಿನಂಗ ತಿಳಿ ಆತು. ಇಪ್ಪತ್ಮೂರು ಪಾಯಿಂಟ್ ಮೂರು. ಲೆಕ್ಕ ಹಾಕಿದೆ: ಮೂವತ್ಮೂರು ಪಾಲು.

ಮತ್ತೊಂದು ಚೀಲ. ಇಪ್ಪತ್ಮೂರು ಪಾಯಿಂಟ್ ಎರಡು. ಮೂರನೇದು. ಇಪ್ಪತ್ಮೂರು ಪಾಯಿಂಟ್ ಮೂರು. ಗೋಡಿಗಿ ಬಳಿಯೂ ಸುಣ್ಣ ತರಿಸಿ ಅದನ್ನೂ ಹಂಗೇ ಮಾಡಿದೆ. ಕಂದು ಬರಲೇ ಇಲ್ಲ.

ಹಂಗಾದ್ರ ಆ ಪುಡಿ ಖರೇ ಪುಡಿ. ಸೀಲ್ ಒಡದಿರಲಿಲ್ಲ, ಥಯೋ ಹೊಸಾದು, ಕೈ ನಂದೇ. ಸಾಹೇಬ್ರು ಮೂರೂ ಅಳತಿ ಕಾಗದದ ಮ್ಯಾಲೆ ಬರಕೊಂಡ್ರು. ಅವರು ಹೋದ ಮ್ಯಾಲೆ ಚೀಲದಾಗ ಮುಖ ಇಟ್ಟು ಜೋರಾಗಿ ಉಸಿರು ಎಳದೆ. ಕಣ್ಣು ಉರದ್ವು, ಗಂಟಲ ಹಿಡೀತು, ಕೆಮ್ಮು ಬಂತು. ವಾಸನಿ ಮಾತ್ರ ಇಲ್ಲ. ಎಲ್ಲೋ ಏನೋ ಮೋಸ ಅದ. ನಾಳಿ ಮಜೀದಸಾಬರನ್ನೇ ಕೇಳ್ತೀನಿ. ಬಾಯಿಬಿಟ್ಟು ಕೇಳಿದ್ರ ಆ ಮನಷಾ ನನಗ ಸುಳ್ಳು ಹೇಳಂಗಿಲ್ಲ.

ಏಪ್ರಿಲ್ 29, ಮಂಗಳವಾರ

ಚಿತ್ತಾಪುರದಾಗ ಅವರ ಮನಿಗಿ ಹೋದೆ. ಅಂಗಳದಾಗ ಮಂಚದ ಮ್ಯಾಲೆ ಕುಂತಿದ್ರು. ಎದ್ದು ನಿಂತು, "ಬರ್ರಿ ಅಕ್ಕೋರ, ಕುಂದ್ರಿ" ಅಂದ್ರು, ಏನೂ ಆಗೇ ಇಲ್ಲ ಅನ್ನೂವಂಗ. ಹೆಂಡತಿ ಒಳಗಿಂದ ನೀರು ಕಳಿಸಿದಳು, ತಾನು ಹೊರಗ ಬರಲಿಲ್ಲ.

ನಾ ಕುಂದ್ರಲಿಲ್ಲ. "ಮಜೀದಸಾಬ, ನಿನ್ನಿ ನಾನೇ ಅಳದೀನಿ. ಪುಡಿ ಮೂವತ್ಮೂರು ಅದ. ಆದ್ರ ನನಗ ಒಂದು ಮಾತು ತಿಳೀವಲ್ದು. ನೀವು ಏನೂ ಮಾಡಿಲ್ಲಂದ್ರ, ಅತ್ತರ ಹಚ್ಚೂದು ಯಾಕ ಬಿಟ್ರಿ?"

ಅವರು ನನ್ನ ಕಡಿ ನೋಡೇ ನೋಡಿದ್ರು. ಆಮ್ಯಾಲೆ ಭಾಳ ಸಾವಕಾಶ ಹೇಳಿದ್ರು: "ಅತ್ತರ ಬಿಟ್ಟಿಲ್ರಿ ಅಕ್ಕೋರ. ಒಂದು ದಿನಾನೂ ಬಿಟ್ಟಿಲ್ಲ. ಈಗೂ ಹಚ್ಚೀನಿ."

ಅಂಗಿ ತೋಳು ಮ್ಯಾಲೆ ಸರಿಸಿ ಮುಂಗೈ ಮುಂದ ಮಾಡಿದ್ರು. ಅದರ ಮ್ಯಾಲೆ ಎಣ್ಣಿ ಹೊಳೀಲಿಕತ್ತಿತ್ತು. ಬಗ್ಗಿ ಮೂಸಿದೆ. ಮತ್ತೊಮ್ಮಿ ಮೂಸಿದೆ.

ಏನೂ ಇರಲಿಲ್ಲ.

ಶುಂಠಿ ಚಹಾ, ಸೀದ ಹಾಲು, ಮಲ್ಲಿಗಿ, ಸುರಕುಂಬಾ, ಎಲ್ಲಾ ಒಂದರ ಹಿಂದ ಒಂದು ಬಂದು ಎದುರಿಗಿ ನಿಂತ್ವು. ಪುಡಿ ಸತ್ತಿರಲಿಲ್ಲ. ಜ್ವರದಾಗ ನನ್ನ ಮೂಗು ಸತ್ತಿತ್ತು. ಅಂಗಳದಾಗೇ ಕುಂತುಬಿಟ್ಟೆ, ಅತ್ತೆ. ಐವತ್ನಾಕು ವರ್ಷದ ಹೆಂಗಸು ಮಂದಿ ಎದುರಿಗಿ ಹಂಗ ಅತ್ತದ್ದು ಅವ್ವ ಸತ್ತಾಗಷ್ಟೇ. "ನಿಮಗ ಕಳ್ಳ ಅಂದೆನಲ್ಲೋ ಯಪ್ಪಾ" ಅಂದೆ.

ಮಜೀದಸಾಬ, "ಅಂದೀರಿ. ನೋವಾಗ್ಯದ, ಆಗಿಲ್ಲ ಅಂತ ಹೇಳಂಗಿಲ್ಲ" ಅಂದ್ರು. ಒಳಗಿಂದ ಬಂದ ಗ್ಲಾಸ್ ನನ್ನ ಮುಂದ ಇಟ್ಟು, "ನೀರು ಕುಡೀರಿ" ಅಂದ್ರು.

ಏಪ್ರಿಲ್ 30, ಬುಧವಾರ, ಬಸವ ಜಯಂತಿ

ಇವರು ಲೋಬಾನ ಹಾಕಿದ್ರು. ಹೊಗಿ ಕಣ್ಣಿಗಿ ಕಂಡಿತು, ಅಷ್ಟೇ. ಹೋಳಗಿಯಾಗ ಸಿಹಿ ತಿಳೀತು, ಯಾಲಕ್ಕಿ ತಿಳೀಲಿಲ್ಲ. ಇವರಿಗಿ ಎಲ್ಲಾ ಹೇಳಿದೆ. ತಮಾಷಿ ಮಾಡಲಿಲ್ಲ, ಮಾಡಿದ್ರೇ ಛಲೋ ಇತ್ತು. ನಾಡದು ಕಲಬುರಗಿಗಿ ಡಾಕ್ಟರ ಹತ್ರ ಹೋಗೂದು.

ಊಟ ಆದ ಮ್ಯಾಲೆ ಸಾಹೇಬ್ರಿಗಿ ಪತ್ರ ಬರದೆ. ಪುಡಿ ಛಲೋ ಅದ, ಮಜೀದಸಾಬರ ಮ್ಯಾಲಿನ ದೂರು ಸುಳ್ಳು, ದೂರು ಕೊಟ್ಟಾಕಿ ನಾನು. ವಾಟರ್‌ಮನ್‌ಗಳಿಗಿ ಹೆಚ್ಚು ಹಾಕಿಸಿದ್ದು ನಾನು, ಹೆಣ್ಮಕ್ಕಳು ಹಳ್ಳಕ್ಕ ಹೋಗಿದ್ದು ಅದಕ್ಕ. ರಜಿಸ್ಟರಿನ ಅಳತಿ ಕಾಲಂ ಭಾಳ ವರ್ಷದಿಂದ ಅಳೀದೇ ತುಂಬೀನಿ. ಕಡೀ ಸಾಲು ಬರೀಬ್ಯಾಡ, ಯಾರಿಗೂ ಗೊತ್ತಿಲ್ಲಲ್ಲ ಅಂದ್ರು ಇವರು. ನನಗ ಗೊತ್ತದಲ್ಲ ಅಂದೆ. ಬರದೆ. ಕೆಳಗ ಸಹಿ ಮಾಡಿದೆ.

ಮೇ 5, ಸೋಮವಾರ

ಡಾಕ್ಟರು ಜ್ವರದಿಂದ ಹಿಂಗಾಗ್ತದ ಅಂದ್ರು. ವಾಪಸ್ ಬಂದ್ರ ಬರ್ತದ, ಇಲ್ಲಂದ್ರ ಇಲ್ಲ. ನನಗ ನೋಟಿಸು ಬಂದದ, ಉತ್ತರ ಬರದೀನಿ, ಏನು ಮಾಡ್ತಾರೋ ಮಾಡ್ಲಿ. ಭಗವಂತನ ಸೊಸಿ ಮನಿಗಿ ಬಂದಾಳ. ಹೋಗಿ ಮಾತಾಡಿಸಿ ಬಂದೆ, ಅಕಿ ಅತ್ತಿ ನನಗ ನಾಕು ಮಾತು ಅಂದಳು, ಕೇಳಿಸಿಕೊಂಡೆ.

ಹನ್ನೊಂದು ಮಂದಿ ಬಂದಿದ್ರು. ಭಗವಂತ ರೂಢಿ ಪ್ರಕಾರ ಪೇಪರ್ ನನ್ನ ಮೂಗಿನ ಕಡಿ ಚಾಚಿದ. "ಮೂಸೂದು ಬಂದ್. ಕುಂದ್ರು, ನಿನ್ನ ಪಾಳಿ ಬಂದಾಗ ಕರೀತೀನಿ" ಅಂದೆ. ಹನ್ನೊಂದೂ ಮಂದಿ ಬೆಂಚ್ ಮ್ಯಾಲೆ ಸಾಲಿಗಿ ಕುಂತ್ರು, ದವಾಖಾನ್ಯಾಗ ಕುಂತಂಗ. ಲುಂಬಿನಿ ತೂಗಿದಳು, ನಾ ಬ್ಯುರೆಟ್ ಹಿಡದೆ. ನನ್ನ ಕಣ್ಣು ಇನ್ನ ಗಟ್ಟಿ ಅವ, ನೀಲಿ ಹೋಗೂ ಆ ಒಂದು ಹನಿ ನನಗ ತಪ್ಪಂಗಿಲ್ಲ. ಹನ್ನೊಂದಕ್ಕೂ ಒಂದು ಮಗ್. ಮಧ್ಯಾಹ್ನದ ರೊಟ್ಟಿಗಿ ಎರಡು ತಾಸು ತಡಾ ಆತು, ಯಾರೂ ಎದ್ದು ಹೋಗಲಿಲ್ಲ.

ಮಜೀದಸಾಬ ಇವತ್ತೇ ಡ್ಯೂಟಿಗಿ ಬಂದ್ರು. ಮೊದಲಿನಂಗ ನಗಲಿಲ್ಲ, ನಗಬೇಕು ಅಂತ ನಾನೂ ಕೇಳಂಗಿಲ್ಲ. ಫ್ಲಾಸ್ಕ್ ಕೈಯಾಗ ಹಿಡದು ಬಾಗಿಲಿಗಿ ಬೆನ್ನ ಮಾಡಿ ನಿಂತಿದ್ದೆ. ಹಿಂದಿನಂಗ ಸುಮ್ಮ ಒಳಗ ಬರಲಿಲ್ಲ ಅವರು. ಅಂಗಳದಾಗೇ ನಿಂತು, ಎಲ್ಲಾರಿಗೂ ಕೇಳೂವಂಗ ಕೂಗಿದ್ರು:

"ಅಕ್ಕೋರ, ಅತ್ತರ ಹಚ್ಚಿಕೊಂಡು ಬಂದೀನ್ರಿ. ಒಳಗ ಬರ್ಲಿ?"